ಗಂಟು ಬಿಚ್ಚುವ ಮೊದಲು

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರ ಮೂಗಿಗೆ ಮೊದಲು ಬಡಿಯುವುದು ಉಗ್ಗಾಣಿಯ ಒಗ್ಗರಣೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಕಲಸಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ ಇಟ್ಟು ಕೊಡುತ್ತಾರೆ. ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಅಲ್ಲಿ ಇಳಿದಾಗ ಅದೇ ವಾಸನೆ ಬಂತು. ನನ್ನ ಹೆಂಡತಿ ವರಲಕ್ಷ್ಮಿ ನನ್ನ ಮುಖ ನೋಡಿ ನಕ್ಕಳು. ಮುಂಚೆಯಾಗಿದ್ದರೆ ಎರಡು ತಟ್ಟೆ ಮುಗಿಸಿ ಮೂರನೆಯದಕ್ಕೆ ಕೈ ಚಾಚುವ ಆಸಾಮಿ ನಾನು. ಈಗ ಒಂದು ತಟ್ಟೆಯನ್ನು ಇಬ್ಬರ ನಡುವೆ ಇಟ್ಟುಕೊಂಡು, ಕಾಲು ಭಾಗ ನಾನು, ಮುಕ್ಕಾಲು ಭಾಗ ಅವಳು ತಿಂದೆವು. ತಿನ್ನುತ್ತಾ ತಿನ್ನುತ್ತಾ ನನಗೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಆ ವರ್ಷ ಕಣ್ಣ ಮುಂದೆ ಬಂತು.

ಆಗ ನಾನು ಹಿಂದೂಪುರದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿದ್ದೆ. ನಮ್ಮಪ್ಪ ಗುಂಡಿ ಮಗ್ಗದಲ್ಲಿ ಕೂತು ಸೀರೆ ನೇಯ್ದರು, ನಾನು ಬಿಳಿ ಹಾಸಿಗೆಯ ಮೇಲೆ ಕೂತು ಸೀರೆ ಮಾರಿದೆ. ಅಂಗಡಿಯಲ್ಲಿ ಕೂತು ತೋರಿಸುವುದು ಅರ್ಧ ಕೆಲಸ. ಉಳಿದರ್ಧ ಮದುವೆ ಮನೆಗಳಿಗೆ ಹೋಗುವುದು. ಗೋರಂಟ್ಲ, ಚಿಲಮತ್ತೂರು, ಮಡಕಶಿರ, ದೂರದ ಕಲ್ಯಾಣದುರ್ಗ, ಹೀಗೆ ಯಾವ ಮನೆಯ ಹಿರಿಯರಿಗೆ ಅಂಗಡಿಯವರೆಗೆ ಬರಲಾಗುವುದಿಲ್ಲವೋ ಅಲ್ಲಿಗೆ ನಾನು ಸೀರೆಗಳ ಗಂಟು ಕಟ್ಟಿಕೊಂಡು ಹೋಗುತ್ತಿದ್ದೆ. ನಡುಮನೆಯಲ್ಲಿ ಜಮಖಾನ ಹಾಸಿ, ಗಂಟು ಬಿಚ್ಚಿ, ಸೆರಗನ್ನು ನನ್ನ ಭುಜದ ಮೇಲೇ ಇಳಿಬಿಟ್ಟು ತೋರಿಸುತ್ತಿದ್ದೆ. ಮೈ ಅಗಲವಾಗಿದ್ದುದರಿಂದ ಜರಿಯೆಲ್ಲ ಒಂದೇ ನೋಟಕ್ಕೆ ಕಾಣುತ್ತಿತ್ತು. ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು, ನಗುತ್ತಲೇ ಕೊಳ್ಳುತ್ತಿದ್ದರು. ಆಮೇಲೆ ಊಟ. ನಾಗರಾಜ ಅಂದರೆ ಬಡಿಸಿದ್ದಕ್ಕೆ ಬೇಡ ಅನ್ನದೆ ಉಣ್ಣುವವನು ಎಂಬ ಹೆಸರು ನನಗೆ ಸುತ್ತಲ ಮಂಡಲಗಳಲ್ಲೆಲ್ಲ ಇತ್ತು. ಚೆನ್ನಾಗಿ ಉಣ್ಣುವವನು ಬಟ್ಟೆಯಲ್ಲಿ ಮೋಸ ಮಾಡಲಾರ ಎಂದು ಜನ ಅದು ಹೇಗೋ ನಂಬಿದ್ದರು, ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಲಿಲ್ಲ.

ಉಂಡು ಉಂಡು ಕೊನೆಗೆ ಅಂಗಡಿಯ ಹಾಸಿಗೆಯಿಂದ ಏಳಬೇಕಾದರೆ ಯಾರಾದರೂ ಕೈ ಕೊಡಬೇಕಾಯಿತು. ಸಕ್ಕರೆ ಏರಿತು, ಮಂಡಿ ಹೋಯಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಹೇಳಿದ ಪಥ್ಯವನ್ನೆಲ್ಲ ಮಾಡಿ, ಬಿಟ್ಟು, ಮತ್ತೆ ಮಾಡಿ ಸೋತೆ. ಬೆಂಗಳೂರಿನಲ್ಲಿರುವ ನನ್ನ ಭಾಮೈದ ಅಲ್ಲಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಟ್ಟೆಯ ಚೀಲದಲ್ಲಿ ಬಹುಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟಕ್ಕೆ ಹೊಲಿದುಬಿಡುತ್ತೇವೆ ಎಂದರು. ಹೂಂ ಅಂದೆ. ಆದರೆ ಅಂಗಡಿಯಲ್ಲಿ ಮಾತ್ರ ಹರ್ನಿಯಾ ಆಪರೇಷನ್ ಎಂದು ಹೇಳಿ ರಜೆ ಹಾಕಿದೆ.

ಯಾಕೆ ಸುಳ್ಳು ಹೇಳಿದೆ ಎಂದರೆ, ನಾಚಿಕೆ. ನಮ್ಮದು ಹಸಿವನ್ನು ಬಲ್ಲ ಸೀಮೆ. ನಮ್ಮಪ್ಪ ಮಗ್ಗದ ಗುಂಡಿಯಲ್ಲಿ ಕೂತಾಗ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಸೆಕೆಗೆ ಎಂದು ನಮಗೆ ಹೇಳುತ್ತಿದ್ದರು. ಅಂಥವರ ಮಗ ಉಣ್ಣುವುದನ್ನು ನಿಲ್ಲಿಸಲು ಹೊಟ್ಟೆಯನ್ನೇ ಕೊಯ್ಯಿಸಿಕೊಂಡ ಎಂದರೆ ಜನ ಬಾಯಿ ತುಂಬ ನಕ್ಕಾರು ಎಂದು ಅಂಜಿಕೆಯಾಯಿತು.

ಆಸ್ಪತ್ರೆಯಿಂದ ಬರುವಾಗ ಕೊಡಿಕೊಂಡದ ಚೆಕ್‌ಪೋಸ್ಟ್ ಹತ್ತಿರ ಭಾಮೈದ ಡಾಬಾದ ಮುಂದೆ ಕಾರು ನಿಲ್ಲಿಸಿದ. ಅವನು ಪರೋಟ ಮುರಿಯುತ್ತಿದ್ದ, ನಾನು ಎದುರಿಗೆ ಕೂತು ಬಾಟಲಿಯ ಮುಚ್ಚಳದಲ್ಲಿ ನೀರು ಕುಡಿಯುತ್ತಿದ್ದೆ. ವಿಚಿತ್ರವೆಂದರೆ ಹೊಟ್ಟೆ ಕೇಳಲಿಲ್ಲ, ಬಾಯಿ ಕೇಳಿತು. ಆಮೇಲೆ ತಿಂಗಳುಗಟ್ಟಲೆ ನನ್ನ ಜಗಳವೆಲ್ಲ ಇದೇ. ಹಸಿವು ಹೋಗಿತ್ತು, ಆಸೆ ಎಲ್ಲೂ ಹೋಗಿರಲಿಲ್ಲ.

ಮೊದಲು ತಿಳಿ ಮಜ್ಜಿಗೆ, ಸೋಸಿದ ಸಾರು. ಆಮೇಲೆ ಗಂಜಿ. ಆಮೇಲೆ ಕೂಸಿಗೆ ಕಲಸುವ ಹಾಗೆ ಕಲಸಿದ ಅನ್ನ, ಬೇಯಿಸಿದ ಮೊಟ್ಟೆ. ಊಟದ ಜೊತೆ ನೀರು ಕುಡಿಯಬಾರದು. ಪ್ರತಿ ತುತ್ತನ್ನೂ ನುಣ್ಣಗೆ ಹಿಟ್ಟಾಗುವವರೆಗೆ ಅಗಿಯಬೇಕು. ಒಂದು ತುತ್ತು ಹೆಚ್ಚಾದರೆ ಮೊದಲು ಮೂಗು ಸೋರುತ್ತದೆ, ಆಮೇಲೆ ಬಿಕ್ಕಳಿಕೆ, ಆಮೇಲೆ ಎದೆಯ ನಡುವೆ ಕಲ್ಲು ಕೂತಂತೆ ನೋವು. ಆರಂಭದಲ್ಲಿ ಇದನ್ನೆಲ್ಲ ಮರೆತು ಎಷ್ಟೋ ಸಲ ಬಚ್ಚಲಿಗೆ ಓಡಿದ್ದೇನೆ.

ವರಲಕ್ಷ್ಮಿಗೆ ಬೇರೆ ಕಷ್ಟ. ಅವಳ ಕೈ ಹಳೆಯ ಅಳತೆಗೇ ಅಕ್ಕಿ ಹಾಕುತ್ತಿತ್ತು. ಉಳಿದ ಅನ್ನ ಮರುದಿನ ಚಿತ್ರಾನ್ನವಾಗಿ, ಅದೂ ಉಳಿದು ಪಕ್ಕದ ಮನೆಯ ಹಸುವಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಅವಳೂ ಇಳಿದು ಹೋಗುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ ಮೊದಲು ಏನೂ ಇಲ್ಲ ಎಂದಳು. ಬಿಡದೆ ಕೇಳಿದ ಮೇಲೆ ತಪ್ಪಲೆ ಉಜ್ಜುತ್ತಲೇ ಸಿಡುಕಿದಳು.

"ನೀವು ನಾಕು ತುತ್ತಿಗೆ ಎದ್ದೋದ್ರೆ, ನಾನು ಒಬ್ಳೇ ತಟ್ಟೆ ತುಂಬಾ ಬಡಿಸ್ಕಂಡು ಹೆಂಗೆ ಉಣ್ಣಲಿ? ಗಂಡನಿಗಿಂತ ಜಾಸ್ತಿ ಉಣ್ಣೋಳು ಅಂತ ನನಗೇ ನಾಚ್ಕೆ ಆಯ್ತದೆ."

ಇಷ್ಟು ವರ್ಷ ನಾನು ಉಂಡದ್ದು ನನ್ನ ಪಾಲು ಮಾತ್ರ ಅಂದುಕೊಂಡಿದ್ದೆ. ಅವಳು ನಾಚದೆ ಹೊಟ್ಟೆ ತುಂಬ ಉಣ್ಣುವ ಧೈರ್ಯವೂ ಅದರಲ್ಲೇ ಇತ್ತೆಂದು ಆವತ್ತು ತಿಳಿಯಿತು. ಆವತ್ತಿನಿಂದ, ನನ್ನ ಊಟ ಮುಗಿದರೂ ಅವಳದು ಮುಗಿಯುವವರೆಗೆ ತಟ್ಟೆ ಮುಂದಿಟ್ಟುಕೊಂಡೇ ಕೂರಲು ಶುರುಮಾಡಿದೆ.

ಶ್ರಾವಣಕ್ಕೆ ಅಂಗಡಿಗೆ ಮರಳಿದೆ. ವರಮಹಾಲಕ್ಷ್ಮಿ ಹಬ್ಬದ ಗಿರಾಕಿ, ಕಾಲಿಡಲು ಜಾಗವಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಯಾರ ಕೈಯೂ ಹಿಡಿಯದೆ ಎದ್ದಾಗ ಆದ ಸಂತೋಷವನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ. ಎಲ್ಲರಿಗೂ ಬೆವರು, ನನಗೆ ಫ್ಯಾನಿನ ಗಾಳಿಗೇ ಚಳಿ. ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಜೋಲುತ್ತಿತ್ತು, ತಲೆಕೂದಲು ಬಾಚಣಿಗೆಗೆ ಬರುತ್ತಿತ್ತು. ಹಳೆಯ ಗಿರಾಕಿಗಳು ನನ್ನನ್ನು ನೋಡಿ ದನಿ ತಗ್ಗಿಸಿ ಮಾತಾಡತೊಡಗಿದರು. ಏನೋ ದೊಡ್ಡ ಕಾಯಿಲೆಯಂತೆ, ಪಾಪ, ಎಂದು ಬೆನ್ನ ಹಿಂದೆ ಗುಸುಗುಸು. ದೊಡ್ಡ ಕಾಯಿಲೆ ಎಂದುಕೊಳ್ಳಲಿ, ಹೊಟ್ಟೆ ಕೊಯ್ಯಿಸಿಕೊಂಡದ್ದು ತಿಳಿಯದಿರಲಿ ಎಂದು ನಾನು ಸುಮ್ಮನಿದ್ದೆ. ನೋಡಿ, ನಾಚಿಕೆ ಮನುಷ್ಯನನ್ನು ಎಂಥ ಮೂರ್ಖನನ್ನಾಗಿ ಮಾಡುತ್ತದೆ!

ಅಂಗಡಿಯ ಮಾಲೀಕರು ರಂಗಪ್ಪಶೆಟ್ಟರು. ಮಾತು ಒರಟು, ಮನಸ್ಸು ಅಷ್ಟಿಲ್ಲ. ಕಾರ್ತಿಕ ಮಾಸದಲ್ಲಿ ನನ್ನನ್ನು ಕರೆದು, "ಕಲ್ಯಾಣದುರ್ಗದ ಹನುಮಕ್ಕಜ್ಜಿ ಮೊಮ್ಮಗಳಿಗೆ ಮದುವೆ ಗೊತ್ತಾಗೈತೆ. ಧಾರೆ ಸೀರೆ ನೋಡಬೇಕಂತೆ. ಗಂಟು ಕಟ್ಕಂಡು ಹೋಗಿ ಬಾರಪ್ಪ" ಎಂದರು. ಹನುಮಕ್ಕಜ್ಜಿಯ ಮನೆ ನಮ್ಮ ಅಂಗಡಿಗೆ ಮೂರು ತಲೆಮಾರಿನ ಗಿರಾಕಿ. ಹೊಲದಲ್ಲಿ ಕಡಲೆಕಾಯಿ ಬೆಳೆದು ಬಂದ ಮನೆತನ. ಈಗ ಮಗ ಲಾರಿ ಓಡಿಸುತ್ತಾನೆ, ಮೊಮ್ಮಗಳು ಭಾರ್ಗವಿ ಊರಿನ ವಾರ್ಡ್ ಸಚಿವಾಲಯದಲ್ಲಿ ಕೆಲಸಕ್ಕಿದ್ದಾಳೆ. ಆದರೆ ಸೀರೆಯ ವಿಷಯದಲ್ಲಿ ಅಜ್ಜಿಯ ಮಾತೇ ಕೊನೆ.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಧಾರೆ ಸೀರೆಯ ಗಂಟನ್ನು ಹಸಿದವನ ಕೈಯಲ್ಲಿ ಬಿಚ್ಚಿಸಬಾರದು. ತಂದವನು ಮೊದಲು ಆ ಮನೆಯಲ್ಲಿ ಉಣ್ಣಬೇಕು, ತೃಪ್ತಿಯಾಗಿ ಕೈ ತೊಳೆಯಬೇಕು, ಆಮೇಲೆ ಗಂಟು. ಹಸಿದ ಕೈ ಬಿಚ್ಚಿದ ಸೀರೆ ಉಟ್ಟವಳಿಗೆ ಹೋದ ಮನೆಯಲ್ಲಿ ಹೊಟ್ಟೆ ತುಂಬುವುದಿಲ್ಲ ಎಂದು ಅಜ್ಜಿಯ ನಂಬಿಕೆ. ಹಿಂದೆ ನನಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಲೋಕದಲ್ಲೇ ಇಲ್ಲ ಅನ್ನಿಸುತ್ತಿತ್ತು. ಈ ಸಲ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಪರೀಕ್ಷೆಗೆ ಹೋಗುವ ಹುಡುಗನ ಪುಕಪುಕ.

ಮಡಕಶಿರ ದಾಟಿ, ಪಾವಗಡದಲ್ಲಿ ಕರ್ನಾಟಕಕ್ಕೆ ಕಾಲಿಟ್ಟು, ಮತ್ತೆ ಆಂಧ್ರಕ್ಕೆ ಬರುವ ದಾರಿ ಅದು. ಕಡಲೆಕಾಯಿ ಕಿತ್ತು ಹೊಲಗಳಲ್ಲಿ ಗುಡ್ಡೆ ಹಾಕಿದ್ದರು. ಗುಡ್ಡದ ಮೇಲಿನ ಗಾಳಿಯಂತ್ರಗಳು ಸುಮ್ಮನೆ ತಿರುಗುತ್ತಿದ್ದವು. ಒಣಗಾಳಿ ಬೀಸಿ ತುಟಿ ಒಡೆಯುತ್ತಿತ್ತು, ನಾನು ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಹೋದೆ.

ಅಜ್ಜಿ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏಮಿ ನಾಯನಾ, ಇಂಗಾಗ್ಬುಟ್ಟಿದ್ದೀಯ! ಶೆಟ್ರು ಸರಿಯಾಗಿ ಸಂಬಳ ಕೊಡಾಕಿಲ್ವಾ?" ಎಂದಳು. ನಕ್ಕು ಒಳಗೆ ಹೋದೆ. ಆಗಲೇ ತಟ್ಟೆ ಹಾಕಿದ್ದರು. ನನ್ನ ಎದುರಿಗೆ ಅಜ್ಜಿಯೂ ತಟ್ಟೆ ಮುಂದಿಟ್ಟುಕೊಂಡು ಕೂತಳು. ಬಂದವರ ಎದುರು ಮನೆಯ ಹಿರಿಯರು ಕೂತು ಉಣ್ಣಬೇಕು, ಬಂದವರು ಮುಗಿಸುವವರೆಗೆ ಏಳಬಾರದು, ಅದೂ ಅಲ್ಲಿಯ ರೂಢಿ. ಸೊಸೆ ಶಾಂತಮ್ಮ ನನ್ನ ತಟ್ಟೆಗೆ ಹಳೆಯ ನಾಗರಾಜನ ಅಳತೆಯ ರಾಗಿ ಮುದ್ದೆ ಇಟ್ಟು, ಅವರೆಕಾಳಿನ ಸಾರು ಹುಯ್ದು, ತುಪ್ಪ ಬಿಟ್ಟಳು.

ಮುದ್ದೆ ನುಂಗುವ ಪದಾರ್ಥ. ಹುಟ್ಟಿದಾಗಿನಿಂದ ನಾವು ಅದಕ್ಕೆ ಹಲ್ಲು ತಾಗಿಸಿದವರಲ್ಲ. ನಾನು ಗೋಲಿಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ಅಗಿಯತೊಡಗಿದೆ. ಅದು ಹಲ್ಲಿಗೆ ಅಂಟಿಕೊಂಡಿತು. ಅಜ್ಜಿ ಕೈ ನಿಲ್ಲಿಸಿ ನೋಡಿದಳು.

"ಇದೇನ್ಲಾ ಇದು, ಮುದ್ದೆ ಅಗೀತಾವ್ನೆ! ನೋಡ್ರೇ ಇಲ್ಲಿ, ಹೊಸದಾಗಿ ಹಲ್ಲು ಬಂದಿರೋ ಕೂಸಿನಂಗೆ!"

ಶಾಂತಮ್ಮ ನಕ್ಕಳು, ಭಾರ್ಗವಿ ನಕ್ಕಳು. ಕುಹಕವೇನೂ ಇರಲಿಲ್ಲ, ಮನೆಯವನೆಂಬ ಸಲಿಗೆಯ ನಗು. ಆದರೂ ನನಗೆ ಮುಖ ಬಿಸಿಯಾಯಿತು. ಮುಂದಿನ ತುತ್ತನ್ನು ದೊಡ್ಡದಾಗಿ ಮುರಿದು, ಅಪ್ಪಟ ಗಂಡಸಿನ ಹಾಗೆ ಗುಳುಂ ಎಂದು ನುಂಗಿಬಿಟ್ಟೆ. ಅದರ ಹಿಂದೆ ಇನ್ನೊಂದು.

ಎದೆಯಲ್ಲಿ ಕಲ್ಲು ಕೂತಿತು. ಮೂಗು ಸೋರಿತು, ಬಿಕ್ಕಳಿಕೆ ಶುರುವಾಯಿತು, ಬೆವರು ಇಳಿಯಿತು. ತಟ್ಟೆ ತಳ್ಳಿ ಹಿತ್ತಲಿಗೆ ಓಡಿದೆ. ತೊಳೆಯುವ ಕಲ್ಲಿನ ಪಕ್ಕ ಬಗ್ಗಿ ಕೂತವನು ಎಷ್ಟು ಹೊತ್ತು ಓಕರಿಸಿದೆನೋ ತಿಳಿಯದು. ಬಾಯಿ ತೊಳೆದು ಒಳಗೆ ಬಂದಾಗ ಅಜ್ಜಿಯ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು, ಅವಳ ಮುಖ ಕಪ್ಪಿಟ್ಟಿತ್ತು.

"ಏನಾಯ್ತಪ್ಪ?" ಎಂದಳು.

ಆ ಕ್ಷಣ ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು, "ಏನಿಲ್ಲ ಅಜ್ಜಿ. ಊಟ ಸಾಕು. ಗಂಟು ಬಿಚ್ತೀನಿ" ಎಂದೆ.

"ಬಿಚ್ಬೇಡ" ಎಂದಳು ಅಜ್ಜಿ. "ಹೊರ್ಗಾಕಿ ಬಂದವ್ನೆ. ನಮ್ಮನೆ ಅನ್ನ ಹೊಟ್ಟೆನಾಗೆ ನಿಲ್ಲದೋನ ಕೈನಾಗೆ ನಮ್ಮ ಹುಡ್ಗಿ ಸೀರೆ ಬಿಚ್ಚಿಸಾಕಿಲ್ಲ. ಹೋಗ್ಬಾ ನಾಯನಾ."

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ವಾಸಿಯಿತ್ತು. ನಾನು ಕಟ್ಟಿದ್ದ ಗಂಟನ್ನು ಕಟ್ಟಿದಂತೆಯೇ ಎತ್ತಿಕೊಂಡು ಬಂದೆ.

ಅಂಗಡಿಗೆ ಬರುವಷ್ಟರಲ್ಲಿ ಅಜ್ಜಿಯ ಮಗ ಶೆಟ್ಟರಿಗೆ ಫೋನ್ ಮಾಡಿದ್ದ. ಶೆಟ್ಟರು ನನ್ನನ್ನು ಗಲ್ಲಾದ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ಮದುವೆ ಮನೆಗೋಗಿ ಗಂಟು ಬಿಚ್ಚದೆ ವಾಪಸ್ ತಂದೋನು ಈ ಅಂಗಡಿನಾಗೆ ನೀನೊಬ್ನೇ ಕಣಪ್ಪ. ಏನಾಗೈತೆ ನಿಂಗೆ? ಹೇಳಾಕಿಲ್ಲ ಅಂದ್ರೆ ಬಿಡು. ಆದ್ರೆ ಉಣ್ಣಾಕಾಗದೋನ್ನ ಊರೂರಿಗೆ ಕಳ್ಸೋದೆಂಗೆ? ಜನ ಸೀರೆ ಕೊಳ್ಳೋದು ಆಮೇಲೆ, ಮೊದ್ಲು ಅನ್ನ ಇಕ್ತಾರೆ. ಹೋಗಿ ಅಜ್ಜಿನ ಸಮಾಧಾನ ಮಾಡ್ಕಂಡು ಬಾ. ಆಗ್ಲಿಲ್ಲ ಅಂದ್ರೆ ಗೋಡೌನ್ನಾಗೆ ಸೀರೆ ಮಡಚ್ಕಂಡು ಇದ್ಬುಡು."

ಗೋಡೌನಿನ ಕೆಲಸ ಕೀಳೇನಲ್ಲ. ಆದರೆ ನನಗೆ ಬೇಕಾದದ್ದು ಆ ನಡುಮನೆಗಳು, ಜಮಖಾನ, ಈ ಬಣ್ಣ ಬೇಡ ಆ ಅಂಚು ಬೇಡ ಎನ್ನುವ ಹೆಂಗಸರ ಗದ್ದಲ. ಆಪರೇಷನ್ ಮಾಡಿಸಿಕೊಂಡದ್ದೇ ಮತ್ತೆ ಅಲ್ಲಿ ಹೋಗಿ ಕೂರಲೆಂದು. ಈಗ ಕೂರಲು ಮೈ ಬಂತು, ಉಣ್ಣಲು ಹೊಟ್ಟೆ ಇಲ್ಲ. ಮನೆಗೆ ಬಂದು ವರಲಕ್ಷ್ಮಿಯ ಮುಂದೆ ಅತ್ತುಬಿಟ್ಟೆ. ತಪ್ಪು ಮಾಡಿದೆ, ಈ ಹಾಳು ಆಪರೇಷನ್ ಬೇಡವಾಗಿತ್ತು ಎಂದೆ. ಅವಳು ನನ್ನನ್ನು ಅಳುವಷ್ಟು ಅಳಲು ಬಿಟ್ಟಳು. ಆಮೇಲೆ ಕೇಳಿದಳು.

"ಆ ಅಜ್ಜಿಗೆ ನಿಜ ಹೇಳಿದ್ರಾ?"

"ಹೆಂಗೆ ಹೇಳಲಿ?"

"ಡಾಕ್ಟ್ರು ಕುಯ್ದಿದ್ದು ಹೊಟ್ಟೇನ. ನಾಲ್ಗೆ ಅಲ್ವಲ್ಲ."

ಆ ವಾರದಲ್ಲೇ ಅದೇ ಗಂಟು ಹೊತ್ತು ಮತ್ತೆ ಕಲ್ಯಾಣದುರ್ಗದ ಬಸ್ ಹತ್ತಿದೆ.

ಅಜ್ಜಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ, ಗಂಟನ್ನು ನೋಡಿ, ತಲೆ ತಗ್ಗಿಸಿದಳು. "ಸೀರೆ ತಂದಾಯ್ತು ಕಣಪ್ಪ. ನಿನ್ನೆ ಧರ್ಮಾವರಕ್ಕೆ ಹೋಗಿ ತಂದ್ಬುಟ್ರು. ನೀನು ತಡ ಮಾಡ್ಬುಟ್ಟೆ."

ಬಂದ ಕೆಲಸ ಅಲ್ಲಿಗೇ ಮುಗಿಯಿತು. ಒಂದು ನಮಸ್ಕಾರ ಹಾಕಿ ಹೊರಡಬಹುದಿತ್ತು. ಆದರೆ ಅವಳ ಪಕ್ಕ ಕೂತು, ಹೊಟ್ಟೆಯ ಕಥೆಯನ್ನೆಲ್ಲ ಹೇಳಿದೆ. ಕೊಯ್ದದ್ದು, ಹೊಲಿದದ್ದು, ಮುಚ್ಚಳದಲ್ಲಿ ನೀರು ಕುಡಿದದ್ದು, ಮೊನ್ನೆ ಅವಳ ಮುದ್ದೆ ಎದೆಯಲ್ಲಿ ನಿಂತದ್ದು. "ನಿಮ್ಮನೆ ಅನ್ನ ಬೇಡವಾಗಿರಲಿಲ್ಲ ಅಜ್ಜಿ. ಹೊಟ್ಟೆನಾಗೆ ಹಿಡಿಯಲಿಲ್ಲ, ಅಷ್ಟೆ" ಎಂದೆ. ಅವಳು ನಗುತ್ತಾಳೆ, ಇಲ್ಲವೇ ಉಗಿಯುತ್ತಾಳೆ ಎಂದು ಕಾದೆ. ಅವಳು ಅಂಗಿ ಎತ್ತು ಎಂದಳು. ಎತ್ತಿದೆ. ಅಲ್ಲಲ್ಲಿ ಕಾಣುವ ಪುಟ್ಟ ಗಾಯದ ಗುರುತುಗಳನ್ನು ಬಗ್ಗಿ ನೋಡಿ, ಒಂದರ ಮೇಲೆ ಬೆರಳಿಟ್ಟಳು.

"ನೋಯ್ತದಾ?"

"ಇಲ್ಲ."

"ಇಷ್ಟು ಸಣ್ಣ ತೂತಿನಾಗೆ ಹೊಟ್ಟೆನೇ ಆಚೆಗೆ ತೆಗೆದ್ರಾ! ಅಯ್ಯೋ ದೇವುಡಾ." ಸ್ವಲ್ಪ ಹೊತ್ತು ಕಡಲೆಕಾಯಿ ಬಿಡಿಸಿದಳು. ಆಮೇಲೆ ಎದ್ದಳು. "ಉಣ್ಣಾಕೆ ಬಾ."

"ಅಜ್ಜಿ, ಸೀರೆ ತಂದಾಯ್ತಲ್ಲ..."

"ಸೀರೆ ತಂದ್ರೆ ನಿಂಗೆ ಅನ್ನ ಇಕ್ಕಬಾರ್ದಾ? ನಾನೇನು ಶೆಟ್ರಂಗೆ ಯಾಪಾರ ಮಾಡ್ತೀನಾ? ಬಾ ಒಳಕ್ಕೆ. ಎಷ್ಟು ಬೇಕೋ ನೀನೇ ಮುರ್ಕೊ."

ಶಾಂತಮ್ಮ ಮುದ್ದೆಯ ತಟ್ಟೆಯನ್ನೇ ಮುಂದೆ ತಂದಿಟ್ಟಳು. ನಾನು ನಿಂಬೆಹಣ್ಣಿನಷ್ಟು ಮುರಿದುಕೊಂಡೆ. ಅಜ್ಜಿ ಎದುರಿಗೆ ಕೂತಳು. ಚಿಟಿಕೆಯಷ್ಟು ಬಾಯಿಗಿಟ್ಟು ಅಗಿದೆ. ಅಂಟಿತು, ಅಗಿದೆ. ಅಜ್ಜಿ ತನ್ನ ಇಡೀ ಮುದ್ದೆಯನ್ನು ನಾಲ್ಕು ತುತ್ತಿಗೆ ಮುಗಿಸಿದಳು. ನಾನು ಇನ್ನೂ ಎರಡನೆಯ ತುತ್ತಿನಲ್ಲಿದ್ದೆ. ಅವಳು ಏಳಲಿಲ್ಲ. ಊಟಕ್ಕೆ ಬಂದಿದ್ದ ಮೊಮ್ಮಗಳು ಮತ್ತೆ ಆಫೀಸಿಗೆ ಹೊರಟಳು, ಬೀದಿಯಲ್ಲಿ ನೀರಿನ ಟ್ಯಾಂಕರ್ ಬಂದು ಹೋಯಿತು, ಅಜ್ಜಿಯ ಎಂಜಲು ಕೈ ಒಣಗಿ ರಾಗಿ ಬೆಳ್ಳಗಾಯಿತು. ಶಾಂತಮ್ಮ, "ಅತ್ತೆ, ಕೈ ತೊಳ್ಕೊಬಾರ್ದಾ?" ಎಂದಳು.

"ಉಣ್ಣೋರು ಇನ್ನೂ ಉಣ್ತಾವ್ರೆ" ಎಂದಳು ಅಜ್ಜಿ.

ನನ್ನ ಕಣ್ಣು ತುಂಬಿತು. ಸಾರಿನ ಖಾರಕ್ಕೆ ಎಂದುಕೊಳ್ಳಲಿ ಎಂದು ಸುಮ್ಮನೆ ಅಗಿಯುತ್ತಾ ಕೂತೆ. ಯಾರೂ ನಗಲಿಲ್ಲ, ಯಾರೂ ಇನ್ನೊಂದಿಷ್ಟು ಎನ್ನಲಿಲ್ಲ. ಆಪರೇಷನ್ ಆದ ಮೇಲೆ ಬೇರೆಯವರ ಮನೆಯಲ್ಲಿ ಹೆದರದೆ ಉಂಡ ಮೊದಲ ಊಟ ಅದು. ತಟ್ಟೆ ಬರಿದಾದ ಮೇಲೆ ಇಬ್ಬರೂ ಒಟ್ಟಿಗೆ ಎದ್ದು ಕೈ ತೊಳೆದೆವು.

"ಈಗ ಬಿಚ್ಚು, ನೋಡಾನ" ಎಂದಳು ಅಜ್ಜಿ. ಕೊಳ್ಳುವುದೇನೂ ಇಲ್ಲ, ಬರೀ ನೋಡುವುದಕ್ಕೆ. ಬಿಚ್ಚಿದೆ. ಕುಂಕುಮ ಬಣ್ಣದ ಸೀರೆಯ ಸೆರಗನ್ನು ಅಭ್ಯಾಸದಂತೆ ಭುಜದ ಮೇಲೆ ಹಾಕಿಕೊಂಡರೆ ಅದು ಸರ್ರನೆ ಜಾರಿ ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಆಗ ಮಾತ್ರ ಅತ್ತೆ ಸೊಸೆ ಇಬ್ಬರೂ ನಕ್ಕರು, ಅವರ ಜೊತೆ ನಾನೂ ನಕ್ಕೆ. ಶಾಂತಮ್ಮ ಎದ್ದು ಬಂದು ಸೆರಗನ್ನು ನನ್ನ ಭುಜದ ಮೇಲೆ ಸರಿಯಾಗಿ ಕೂರಿಸಿ, ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ತಂದ ಸೀರೆಗಳನ್ನೆಲ್ಲ ನೋಡಿ ಮುಗಿಸಿದರು. ಒಂದನ್ನೂ ಕೊಳ್ಳಲಿಲ್ಲ.

ಅಂಗಡಿಗೆ ಬಂದಾಗ ಶೆಟ್ಟರು ಗಲ್ಲಾದಲ್ಲಿದ್ದರು. ಗಂಟನ್ನು ನೋಡಿದರು. "ಬಿಚ್ಚಿದ್ಯಾ?"

"ಬಿಚ್ಚಿದೆ ಶೆಟ್ರೆ. ಏನೂ ತಗೊಳ್ಳಲಿಲ್ಲ. ಧರ್ಮಾವರದಾಗೆ ತಂದ್ಬುಟ್ಟವ್ರೆ."

ಆಮೇಲೆ ಅವರಿಗೂ ಎಲ್ಲ ಹೇಳಿದೆ. ಹರ್ನಿಯಾ ಅಲ್ಲ, ಇದು ಎಂದು. ಶೆಟ್ಟರು ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಅವರು ಹಾಗೆ ಮಾಡಿದರೆ ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದೇ ಅರ್ಥ.

"ಅಜ್ಜಿ ಮನೆನಾಗೆ ಉಂಡ್ಯಾ?"

"ಉಂಡೆ."

"ನಿಂತ್ಕೊಳ್ತಾ?"

"ನಿಂತ್ಕೊಳ್ತು."

"ಸರಿ. ಗುರುವಾರ ಗೋರಂಟ್ಲದಾಗೆ ಒಂದು ಮದುವೆ ಮನೆ ಐತೆ, ಹೋಗಿ ಬಾ" ಎಂದರು. ನಾನು ಗಂಟೆತ್ತಿಕೊಂಡು ಒಳಗೆ ಹೊರಟಾಗ ಹಿಂದಿನಿಂದ ಮತ್ತೆ ಕೂಗಿದರು. "ಅವರ ಮನೆನಾಗೆ ಬಡ್ಸೋದು ಜಾಸ್ತಿ ಕಣಪ್ಪ. ನಿನ್ನ ಹೊಟ್ಟೆ ವಿಷ್ಯ ನಾನೇ ಫೋನ್ ಮಾಡಿ ಹೇಳ್ಬುಡ್ಲಾ?"

"ಬ್ಯಾಡಿ ಶೆಟ್ರೆ" ಎಂದೆ. "ನಾನೇ ಹೇಳ್ತೀನಿ."